ಬೆನ್ನ ಹಿಂದಿನಿಂದ ಬಂದ ಕೈ

“ವಾಪಸ್ ತಿರುಗಿಸಿದ್ರಾ, ಇಲ್ವಾ? ಒಂದು ಮಾತು ಹೇಳೋಕೆ ಎಷ್ಟು ಹೊತ್ತು ಬೇಕು ನಿಮಗೆ?”

ಇನ್‌ಸ್ಪೆಕ್ಟರಮ್ಮ ಹಾಗೆ ಕೇಳಿದ್ದು ಮೆಟ್ಟಿಲ ಕೆಳಗಿನ ಗೂಡಿನ ಮುಂದೆ ಮಂಡಿಯೂರಿ ಕೂತಿದ್ದ ಆ ಮನೆಯ ಅಳಿಯನನ್ನು. ಅವನ ಕಣ್ಣೆದುರಿಗೇ ಇತ್ತು ಆ ಕರಿಯ ಸ್ವಿಚ್ಚು, ಇನ್ವರ್ಟರಿನ ಬೆನ್ನಿಗೆ ಅಂಟಿಕೊಂಡು. ಎಡಕ್ಕೆ ತಿರುಗಿಸಿದರೆ ಬೈಪಾಸ್. ಆಗ ಬೀದಿಯ ಕರೆಂಟು ಇನ್ವರ್ಟರನ್ನು ಮುಟ್ಟದೆ ನೇರ ಅತ್ತೆಯ ಕೋಣೆಗೆ ಹೋಗುತ್ತದೆ. ದೀಪ ಉರಿಯುತ್ತಲೇ ಇರುವುದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಕರೆಂಟು ಹೋಗುವ ತನಕ. ಶನಿವಾರ ಹಳೆಯ ಬ್ಯಾಟರಿ ತೆಗೆದು ಹೊಸವನ್ನು ಕೂರಿಸುವ ಮುಂಚೆ ಸ್ವಿಚ್ಚನ್ನು ಎಡಕ್ಕೆ ತಿರುಗಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಕೆಲಸ ಮುಗಿದ ಮೇಲೆ ಬಲಕ್ಕೆ ತಿರುಗಿಸಿದ್ದು?

ಅಲ್ಲಿಗೆ ಬಂದ ಕೂಡಲೇ ನೆನಪು ಕೈಕೊಡುತ್ತಿತ್ತು.

ಭಾನುವಾರ ಮಧ್ಯಾಹ್ನ ಬೀದಿಯ ಕರೆಂಟು ಹೋದಾಗ ಅತ್ತೆಗೆ ಉಸಿರು ಕೊಡುತ್ತಿದ್ದ ಆಮ್ಲಜನಕದ ಯಂತ್ರವೂ ನಿಂತುಹೋಗಿತ್ತು. ಅತ್ತೆ ಈಗ ಆಸ್ಪತ್ರೆಯಲ್ಲಿ, ಗಂಟಲಲ್ಲಿ ಕೊಳವೆ ಇಟ್ಟುಕೊಂಡು, ಕಣ್ಣು ಬಿಡದೆ ಮಲಗಿದ್ದರು.

“ನೆನಪಿಲ್ಲ ಮೇಡಂ,” ಎಂದ.

“ನೆನಪಿಲ್ಲವಂತೆ!” ಬೆನ್ನ ಹಿಂದೆ ಭಾವ ಗುಡುಗಿದ. ಹೆಂಡತಿಯ ಅಣ್ಣ. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವನು. ಇಡೀ ದಿನ ಕಲಿಯುವವರ ಪಕ್ಕ ಕೂತು ‘ಬ್ರೇಕ್, ಬ್ರೇಕ್’ ಎಂದು ಅರಚಿ ಅರಚಿ ಮನೆಯಲ್ಲೂ ಅವನದು ಅದೇ ದನಿ. ಬೀದಿಯವರು ಅವನಿಗೆ ಇಟ್ಟ ಹೆಸರೂ ಬ್ರೇಕ್ ಎಂದೇ. “ಕನ್ನಡಕದ ಗಾಜು ಉಜ್ಜೋವಾಗ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ಇವನಿಗೆ ನಿದ್ದೆ ಬರಲ್ಲ. ನಮ್ಮಮ್ಮನ ಉಸಿರಿನ ವಿಷಯಕ್ಕೆ ಬಂದ್ರೆ ಮಾತ್ರ ನೆನಪಿಲ್ಲ!”

“ಸ್ವಲ್ಪ ಬ್ರೇಕ್ ಹಾಕಿ ಸಾರ್,” ಎಂದಳು ಸೂಜಿ, ತಿರುಗಿ ಕೂಡ ನೋಡದೆ.

ಸೂಜಿ ಎನ್ನುವುದು ಆ ಇನ್‌ಸ್ಪೆಕ್ಟರಮ್ಮನಿಗೆ ಠಾಣೆಯವರು ಇಟ್ಟ ಹೆಸರು. ಆಕೆಯ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆಕೆಗೆ ಗೊತ್ತಿಲ್ಲದೆಯೂ ಇರಲಿಲ್ಲ.

“ಎಲ್ಲರೂ ಸರಿಯಾಗಿ ಕೇಳಿಸ್ಕೊಳ್ಳಿ,” ಎಂದಳು. “ಕತ್ತಲಾಗೋ ಮುಂಚೆ ನಾನು ಹೊರಡ್ತೀನಿ. ಒಬ್ಬಳೇ ಹೊರಡಲ್ಲ. ಮರೆವಿನಿಂದ ಆಗಿದ್ದು ಅಂತಾದ್ರೆ ಮರೆತವರು ಜೀಪು ಹತ್ತುತ್ತಾರೆ. ಬೇಕು ಅಂತಲೇ ಮಾಡಿದ್ದು ಅಂತಾದ್ರೆ ಮಾಡಿದವರು ಹತ್ತುತ್ತಾರೆ. ಜೀಪಿನ ಹಿಂದಿನ ಸೀಟಂತೂ ಖಾಲಿ ಹೋಗಲ್ಲ.”

ಅಳಿಯನಿಗೆ ಜೀಪಿಗಿಂತ ಹೆಚ್ಚಿನ ಹೆದರಿಕೆ ಊಟದ ಮೇಜಿನ ಆ ತುದಿಯಲ್ಲಿತ್ತು. ಅಲ್ಲಿ ಅವನ ಹೆಂಡತಿ ಕೂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ಭಾನುವಾರದಿಂದ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ‘ಮರೆತ್ರಾ’ ಎಂದು ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ. ಕೇಳದಿರುವುದೇ ಅವಳ ತೀರ್ಪು ಎಂದು ಅವನು ಅಂದುಕೊಂಡಿದ್ದ.

“ತಲೆಗೆ ನೆನಪಿಲ್ಲದಿದ್ರೆ ಬೇಡ. ಕೈಗೆ ನೆನಪಿರುತ್ತೆ,” ಎಂದಳು ಸೂಜಿ. “ಅವತ್ತು ಮಾಡಿದ್ದನ್ನ ಇವತ್ತು ಮತ್ತೆ ಮಾಡಿ. ಮೊದಲಿಂದ. ನಾನು ನೋಡ್ತಿರ್ತೀನಿ.”

“ನೋಡೋದೇನಿದೆ? ಮನೆಗೆ ಮೆಕ್ಯಾನಿಕ್ ಕರೆಸೋಣ ಅಂದೆ ನಾನು. ‘ಬೇಡ, ನಾನೇ ಹಾಕ್ತೀನಿ’ ಅಂತ ದೊಡ್ಡ ಮನುಷ್ಯ ಆಗೋಕೆ ಹೋದ.”

“ನಾನು ಹಾಗೆ ಹೇಳಲಿಲ್ಲ ಭಾವ. ಹಾಕೋಕೆ ಹೇಳಿದ್ದು ಅತ್ತೆ.”

“ಮಾತಾಡೋಕೆ ಆಗದವರ ಮೇಲೆ ಹಾಕು! ಈಗ ಅವರು ಎದ್ದು ಬಂದು ಇಲ್ಲ ಅಂತಾರಾ?”

ಅಳಿಯ ಸ್ಪ್ಯಾನರ್ ಎತ್ತಿಕೊಂಡ. ಸ್ವಿಚ್ಚನ್ನು ಎಡಕ್ಕೆ ತಿರುಗಿಸಿದ. ಇನ್ವರ್ಟರ್ ಆರಿಸಿದ. ಕಪ್ಪು ವೈರನ್ನು ಮೊದಲು, ಕೆಂಪು ವೈರನ್ನು ಆಮೇಲೆ ಬಿಚ್ಚಿದ. ಎರಡು ಬ್ಯಾಟರಿಗಳ ನಡುವೆ ಒಂದರ ಪ್ಲಸ್ಸಿನಿಂದ ಇನ್ನೊಂದರ ಮೈನಸ್ಸಿಗೆ ಹೋಗುವ ದಪ್ಪ ವೈರನ್ನೂ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಅವನ್ನೇ ಒಂದೊಂದಾಗಿ ಮತ್ತೆ ಜೋಡಿಸತೊಡಗಿದ.

ಸೂಜಿ ಪಕ್ಕದಲ್ಲೇ ನೆಲಕ್ಕೆ ಕೂತು ಪ್ರತಿ ನಟ್ಟನ್ನೂ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು.

“ನಟ್ಟು ಸಡಿಲ ಇದ್ರೆ ಏನಾಗುತ್ತೆ?”

“ಚಿಕ್ಕ ದೀಪಕ್ಕೆ ಸಾಕಾಗುತ್ತೆ ಮೇಡಂ. ಯಂತ್ರದಂಥ ಭಾರ ಬಿದ್ದ ತಕ್ಷಣ ಕಡಿದುಹೋಗುತ್ತೆ.”

“ಕೆಂಪು, ಕಪ್ಪು ಅದಲುಬದಲಾದ್ರೆ?”

“ಫ್ಯೂಸ್ ಸುಡುತ್ತೆ. ಅದಾಗಿದ್ರೆ ಇನ್ವರ್ಟರ್ ಈಗಲೂ ಸತ್ತೇ ಇರ್ತಿತ್ತು.”

“ಹೊಸ ಬ್ಯಾಟರಿ ಅಂತ ಅಂಗಡಿಯವನು ಹಳೇದನ್ನ ಕೊಟ್ಟಿದ್ರೆ?”

ಅಳಿಯ ತನ್ನ ಹಳದಿ ಮೀಟರಿನ ಎರಡು ಕಡ್ಡಿಗಳನ್ನು ಮೊದಲ ಬ್ಯಾಟರಿಗೆ ಮುಟ್ಟಿಸಿದ, ಆಮೇಲೆ ಎರಡನೆಯದಕ್ಕೆ. ಎರಡೂ ಒಂದೇ ಅಂಕಿ ತೋರಿಸಿದವು. “ಎರಡೂ ಹೊಸವೇ. ಒಂದು ಹಳೇದಾಗಿದ್ರೆ ಇಲ್ಲೇ ಬಣ್ಣ ಬಯಲಾಗ್ತಿತ್ತು.”

ಸ್ವಿಚ್ಚು ಬಲಕ್ಕೆ ಬಂತು. ಈ ಸಲ ಎಲ್ಲರ ಕಣ್ಣೂ ಅದರ ಮೇಲಿತ್ತು. ಸೂಜಿ ಎದ್ದು ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದಳು.

ಅಡುಗೆಮನೆಯ ಫ್ರಿಜ್ಜು ಗೊರಕೆ ನಿಲ್ಲಿಸಿತು. ನಡುಮನೆಯ ಫ್ಯಾನು ಸುಸ್ತಾಗಿ ನಿಂತಿತು. ಅತ್ತೆಯ ಕೋಣೆಯ ದೀಪ ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಉರಿಯಿತು. ಖಾಲಿ ಮಂಚದ ಪಕ್ಕದ ಯಂತ್ರ, ಯಾರಿಗೂ ಬೇಡವಾದ ಗಾಳಿಯನ್ನು ಕೊಳವೆಯೊಳಗೆ ಊದುತ್ತ, ಗುಂಯ್‌ಗುಡುತ್ತಲೇ ಇತ್ತು.

“ನೋಡಿದ್ರಾ? ಎಲ್ಲ ಸರಿಯಾಗಿದೆ,” ಎಂದ ಭಾವ. “ಬ್ಯಾಟರಿ ಸರಿ, ವೈರು ಸರಿ, ಡಬ್ಬ ಸರಿ. ಹಾಗಾದ್ರೆ ಕೆಟ್ಟಿರೋದು ಯಾವುದು? ಇವನ ಬುದ್ಧಿ! ನಾನು ಬಂದಾಗ ಸ್ವಿಚ್ಚು ಬೈಪಾಸಿನಲ್ಲೇ ಇತ್ತು. ನನ್ನ ಎರಡು ಕಣ್ಣಲ್ಲಿ ನೋಡಿದ್ದೀನಿ.”

“ನೋಡಿದ್ದು ನೀವೊಬ್ಬರೇ.”

“ಅದಕ್ಕೆ?”

“ನೋಡಿ ಸುಮ್ಮನೆ ಇದ್ದಿದ್ರೆ ನಾನೂ ನೋಡ್ತಿದ್ದೆ. ಬಲಕ್ಕೆ ತಿರುಗಿಸಿಬಿಟ್ರಿ.”

“ಮತ್ತೇನು, ಹಾಗೇ ಬಿಡ್ಬೇಕಿತ್ತಾ? ಇನ್ನೊಂದ್ಸಲ ಕರೆಂಟ್ ಹೋದ್ರೆ?”

“ಹೋದ್ರೆ ಯಾರಿಗೆ ತೊಂದರೆ? ಅಷ್ಟೊತ್ತಿಗೆ ನಿಮ್ಮಮ್ಮನ್ನ ಆಂಬುಲೆನ್ಸು ಕರ್ಕೊಂಡು ಹೋಗಿತ್ತು. ಕೋಣೆ ಖಾಲಿ. ಯಾರ ಉಸಿರು ಉಳಿಸೋಕೆ ತಿರುಗಿಸಿದ್ರಿ ಸಾರ್, ಮಂಚದ್ದಾ?”

ಭಾವನ ಕತ್ತಿನ ನರ ಉಬ್ಬಿತು. “ಸಿಟ್ಟಿಗೆ ತಿರುಗಿಸಿದೆ. ಸಿಟ್ಟು ಬಂದಾಗ ಮನುಷ್ಯ ಲೆಕ್ಕ ಹಾಕಿ ಕೈ ಆಡಿಸ್ತಾನಾ?”

“ಕೆಲವರು ಹಾಕ್ತಾರೆ,” ಎಂದು ಸೂಜಿ ಮೇನ್ ಸ್ವಿಚ್ಚನ್ನು ಮೇಲೆತ್ತಿದಳು.

ಆ ತನಕ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ ನರ್ಸು ಗಂಟಲು ಸರಿಮಾಡಿಕೊಂಡಳು. ಅತ್ತೆಯನ್ನು ನೋಡಿಕೊಳ್ಳಲು ಮನೆಯಲ್ಲೇ ಇದ್ದ ಹೆಂಗಸು. ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ಅತ್ತೆ ಆಸ್ಪತ್ರೆ ಸೇರಿದ ಮೇಲೂ ದಿನಾ ಖಾಲಿ ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದಳು.

“ಒಂದು ವಿಷಯ ಹೇಳ್ಲಾ ಮೇಡಂ? ಆಮೇಲೆ ನನ್ನ ತಲೆಗೆ ಕಟ್ಬೇಡಿ.”

“ಹೇಳಿ ಸಿಸ್ಟರ್. ಕಟ್ಟೋದು ಬಿಡೋದು ನನ್ನ ಕೆಲಸ.”

“ಶನಿವಾರ ಬ್ಯಾಟರಿ ಹಾಕಿದ್ಮೇಲೆ ಒಂದ್ಸಲ ಕರೆಂಟು ಹೋಗಿ ಬಂತು. ನಾನು ಅಡುಗೆಮನೇಲಿ ಮಾತ್ರೆ ಪುಡಿ ಮಾಡ್ತಿದ್ದೆ, ಗಕ್ಕಂತ ಕತ್ತಲಾಯ್ತು. ಅಮ್ಮನ ಯಂತ್ರ ಇದ್ಯಲ್ಲ, ಅದಕ್ಕೆ ಕರೆಂಟು ತಪ್ಪಿದ್ರೆ ಬಾಯಿ ಬಡ್ಕೊಳ್ಳುತ್ತೆ. ಅದು ಕೂಗೋದು ಕೇಳಿದ್ರೆ ಸತ್ತವರೂ ಎದ್ದು ಕೂರ್ಬೇಕು. ಅವತ್ತು ಕೂಗ್ಲೇ ಇಲ್ಲ.”

ಸೂಜಿ ನಿಧಾನವಾಗಿ ತಿರುಗಿದಳು. “ಅಂದ್ರೆ ಶನಿವಾರ ಯಂತ್ರಕ್ಕೆ ಕರೆಂಟು ತಪ್ಪಲಿಲ್ಲ.”

“ತಪ್ಪಿದ್ರೆ ಕೂಗ್ತಿತ್ತು.”

“ಅಂದ್ರೆ ಆ ಹೊತ್ತಿಗೆ ಸ್ವಿಚ್ಚು ಬಲಕ್ಕೇ ಇತ್ತು. ಇವರು ಮರೆತಿರಲಿಲ್ಲ. ಆಮೇಲೆ ಯಾರೋ ಎಡಕ್ಕೆ ತಿರುಗಿಸಿದ್ದಾರೆ.”

ಅಳಿಯನ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಮರೆತಿರಲಿಲ್ಲ! ಮೇಜಿನ ಆ ತುದಿಯಲ್ಲಿ ಸೆರಗು ಸುತ್ತುತ್ತಿದ್ದ ಬೆರಳು ನಿಂತಿತು. ಹೆಂಡತಿ ತಲೆಯೆತ್ತಿ ಅವನ ಕಡೆ ನೋಡಿದಳು, ಇಷ್ಟು ದಿನಕ್ಕೆ ಮೊದಲ ಸಲ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಅವನ ಜಾಯಮಾನವೇ ಹಾಗೆ. ಗಿರಾಕಿ ಚೆನ್ನಾಗಿದೆ ಎಂದು ಹಾಕಿಕೊಂಡು ಹೋದ ಕನ್ನಡಕವನ್ನೂ ಬೀದಿಯ ತನಕ ಓಡಿ ವಾಪಸ್ ಇಸಿದುಕೊಂಡು ಬಂದು ಮತ್ತೆ ಅಳೆಯುವವನು. ತಲೆಯೊಳಗೆ ಏನೋ ಮುಳ್ಳಿನಂತೆ ಚುಚ್ಚಿತು.

“ಮೇಡಂ,” ಎಂದ. “ಭಾನುವಾರವೂ ಅದು ಕೂಗಲಿಲ್ಲವಲ್ಲ.”

“ಏನಂದ್ರಿ?”

“ಭಾನುವಾರ ಯಂತ್ರ ನಿಂತೇ ಹೋಗಿತ್ತು. ಆಗ ಕೂಗಲೇಬೇಕಿತ್ತು. ಸಿಸ್ಟರ್ ಮಹಡಿ ಮೇಲೆ ಬಟ್ಟೆ ಒಣಗಿಸ್ತಿದ್ರು. ಅಲ್ಲಿಗೂ ಕೇಳುತ್ತೆ ಅದರ ಕೂಗು. ಕೇಳಿದ್ರೆ ಇಳಿದು ಬಂದು ಮೂಲೇಲಿರೋ ಸಿಲಿಂಡರ್ ತೆರೀತಿದ್ರು. ಅವರಿಗೆ ಕೇಳಲಿಲ್ಲ.” ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. “ಕೂಗೋ ಶಕ್ತಿಯೇ ಹೋಗಿದ್ರೆ... ಶನಿವಾರ ಕೂಗಲಿಲ್ಲ ಅನ್ನೋದರಿಂದ ಏನೂ ಗೊತ್ತಾಗಲ್ಲ.”

“ಅಯ್ಯೋ ದೇವರೇ,” ಎಂದಳು ನರ್ಸು. “ನಿಮ್ಮನ್ನ ದಡ ಹತ್ತಿಸಿದ್ರೆ ನೀವೇ ವಾಪಸ್ ನೀರಿಗೆ ಹಾರ್ತೀರಲ್ರೀ!”

ಭಾವ ಜೋರಾಗಿ ನಕ್ಕ. ಹೆಂಡತಿ ನಗಲಿಲ್ಲ. ಗಂಡನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ಇದ್ದದ್ದು ಸಿಟ್ಟೋ ಹೆದರಿಕೆಯೋ ಅವನಿಗೆ ತಿಳಿಯಲಿಲ್ಲ.

ಸೂಜಿ ಆಗಲೇ ಕೋಣೆಯೊಳಗಿದ್ದಳು. ಗೋಡೆಯಿಂದ ಯಂತ್ರದ ಪ್ಲಗ್ಗನ್ನು ಕಿತ್ತಳು. ಗುಂಯ್‌ಗುಡುವುದು ನಿಂತಿತು. ಎಲ್ಲರೂ ಮೈಯೆಲ್ಲ ಕಿವಿಯಾಗಿ ಕಾದರು.

ಯಂತ್ರ ಉಸಿರೆತ್ತಲಿಲ್ಲ.

“ಕರೆಂಟಿಲ್ಲದಾಗ ಕೂಗೋಕೆ ಇದಕ್ಕೆ ಶಕ್ತಿ ಎಲ್ಲಿಂದ ಬರುತ್ತೆ ಸಿಸ್ಟರ್?”

“ಹಿಂದುಗಡೆ ಒಂದು ಪುಟ್ಟ ಬ್ಯಾಟರಿ ಇದೆ ಮೇಡಂ. ಚೌಕದ್ದು. ನಾನೇ ಹಾಕಿದ್ದು.”

ಯಂತ್ರದ ಬೆನ್ನು ಗೋಡೆಯ ಕಡೆಗಿತ್ತು. ಸೂಜಿ ಅದನ್ನು ಮುಂದಕ್ಕೆಳೆದು, ಅಳಿಯನ ಕೈಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು, ಸ್ಕ್ರೂ ಬಿಚ್ಚಿ, ಚಿಕ್ಕ ಮುಚ್ಚಳ ತೆಗೆದಳು. ಒಳಗೆ ಎರಡು ವೈರಿನ ತುದಿಗೆ ಎರಡು ಗುಂಡಿ ಜೋತಾಡುತ್ತಿದ್ದವು. ಬ್ಯಾಟರಿ ಇರಲಿಲ್ಲ.

“ಸವೆದುಹೋಗಿಲ್ಲ, ಕಳಚಿ ಬಿದ್ದಿಲ್ಲ. ತೆಗೆದಿದ್ದಾರೆ,” ಎಂದಳು. “ತೆಗೆದು, ಮುಚ್ಚಳ ಹಾಕಿ, ಸ್ಕ್ರೂ ಬಿಗಿದಿದ್ದಾರೆ.”

“ಈ ಮನೇಲಿ ಸ್ಕ್ರೂಡ್ರೈವರ್ ಹಿಡ್ಕೊಂಡು ಬ್ಯಾಟರಿ ಜೊತೆ ಆಟ ಆಡೋನು ಒಬ್ಬನೇ,” ಎಂದ ಭಾವ. “ಇನ್ನೂ ಎಷ್ಟು ಬಿಡಿಸಿ ಹೇಳ್ಬೇಕು ಮೇಡಂ?”

“ಆ ಬ್ಯಾಟರಿ ಹೇಗಿತ್ತು ಸಿಸ್ಟರ್?”

“ಅದು ಗೂಡಿನಲ್ಲಿ ಬಿಗಿಯಾಗಿ ಕೂರ್ತಿತ್ತು, ತೆಗೆಯೋಕೆ ಉಗುರು ಮುರೀತಿತ್ತು. ಎಳೆಯೋಕೆ ಅನುಕೂಲ ಆಗ್ಲಿ ಅಂತ ಗಾಯಕ್ಕೆ ಅಂಟಿಸೋ ಬಿಳಿ ಪಟ್ಟಿ ಸುತ್ತಿ, ತುದಿ ಬಿಟ್ಟಿದ್ದೆ. ಬಾಲದ ಥರ.”

ಅಳಿಯ ತನ್ನ ಕೈಯಲ್ಲಿದ್ದ ಹಳದಿ ಮೀಟರನ್ನು ನೋಡಿದ.

ಅವನಿಗೆ ಈಗ ಅದು ಚಿತ್ರ ಕಟ್ಟಿದಂತೆ ಕಾಣಿಸಿತು. ಶನಿವಾರ. ಅವನು ಮೆಟ್ಟಿಲ ಕೆಳಗೆ ಬೋರಲು ಮಲಗಿದ್ದಾನೆ, ತಲೆ ಭುಜ ಎಲ್ಲ ಗೂಡಿನ ಒಳಗೆ, ಕಾಲು ಮಾತ್ರ ಹೊರಗೆ. ಮೀಟರಿನ ಅಂಕಿಗಳು ಮಾಸಿ ಮಾಸಿ ಅಳಿಸಿಹೋಗುತ್ತಿವೆ. “ಯಾರಾದ್ರೂ ಒಂದು ಚೌಕದ ಬ್ಯಾಟರಿ ಇದ್ರೆ ಕೊಡ್ರಪ್ಪಾ” ಎಂದು ಕೂಗಿ ಒಂದು ಕೈಯನ್ನು ಹಿಂದಕ್ಕೆ ಚಾಚುತ್ತಾನೆ. ಸ್ವಲ್ಪ ಹೊತ್ತಿಗೆ ಆ ಕೈಯೊಳಗೆ ಒಂದು ಬ್ಯಾಟರಿ ಬಂದು ಕೂರುತ್ತದೆ. ಅದಕ್ಕೆ ಬಿಳಿಯ ಬಾಲವಿದೆ. ಯಾರೋ ಬುದ್ಧಿವಂತರು ಎಂದುಕೊಂಡು ಮೀಟರಿಗೆ ಹಾಕುತ್ತಾನೆ.

ಕೊಟ್ಟವರು ಯಾರೆಂದು ತಿರುಗಿ ನೋಡಿರಲಿಲ್ಲ.

ಈಗ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ರಾತ್ರಿ ಮೀಟರನ್ನು ಚರಂಡಿಗೆ ಎಸೆದರಾಯಿತು. ಈ ಯೋಚನೆ ತನ್ನದೇ ತಲೆಯಲ್ಲಿ ಬಂದದ್ದಕ್ಕೆ ಅವನಿಗೇ ಅಸಹ್ಯವಾಯಿತು. ಮೀಟರಿನ ಬೆನ್ನಿನ ಮುಚ್ಚಳ ಸರಿಸಿ, ಹಾಗೆಯೇ ಸೂಜಿಯ ಮುಂದೆ ಹಿಡಿದ.

ಬಿಳಿಯ ಬಾಲ ಹೊರಗೆ ಇಣುಕುತ್ತಿತ್ತು.

“ಕಳ್ಳ ಸಿಕ್ಕ!” ಭಾವ ಅವನ ಕೊರಳಪಟ್ಟಿಗೆ ಕೈ ಹಾಕಿದ. “ನಮ್ಮಮ್ಮನ ಬಾಯಿ ಕಟ್ಟಿ ನಿನ್ನ ಮೀಟರಿಗೆ ಹಾಕ್ಕೊಂಡಿದ್ದೀಯಲ್ಲೋ! ಮನೆ ಅಳಿಯ ಅಂತ ಒಳಗೆ ಬಿಟ್ಕೊಂಡ್ವಲ್ಲ, ನಮ್ಮ ಬುದ್ಧಿಗೆ ಏನು ಹೇಳೋದು!”

“ಕೈ ತೆಗೀರಿ,” ಎಂದಳು ಸೂಜಿ. ದನಿ ಏರಿಸಲಿಲ್ಲ. ಭಾವನ ಕೈ ತಾನಾಗಿ ಕೆಳಗಿಳಿಯಿತು. “ಕದ್ದಿದ್ದನ್ನ ತಾನೇ ತಂದು ನನ್ನ ಕೈಗೆ ಕೊಡೋ ಕಳ್ಳನನ್ನ ನಾನು ಇವತ್ತೇ ನೋಡ್ತಿರೋದು. ನೀವು ಹೇಳಿ. ಇದು ನಿಮಗೆ ಹೇಗೆ ಬಂತು?”

ಅವನು ಹೇಳಿದ. ಹೇಳುತ್ತಿದ್ದಂತೆ ಅದು ತನ್ನ ಕಿವಿಗೇ ಕಟ್ಟುಕಥೆಯ ಹಾಗೆ ಕೇಳಿಸಿತು.

“ಸರಿ. ಶನಿವಾರ ಆ ಹೊತ್ತಿಗೆ ಯಾರು ಯಾರು ಎಲ್ಲಿದ್ರಿ?”

“ನಾನು ಕ್ಲಾಸಿನಲ್ಲಿದ್ದೆ. ಹುಡುಗಿಯೊಬ್ಬಳಿಗೆ ರಿವರ್ಸ್ ಹೇಳಿಕೊಡ್ತಿದ್ದೆ,” ಎಂದ ಭಾವ.

“ನಾನು ಸ್ನಾನದ ಮನೇಲಿ ಅಮ್ಮನ ಬಟ್ಟೆ ನೆನೆಹಾಕ್ತಿದ್ದೆ,” ಎಂದಳು ನರ್ಸು.

“ನಾನು ಔಷಧಿ ಅಂಗಡಿಗೆ ಹೋಗಿದ್ದೆ,” ಎಂದಳು ಹೆಂಡತಿ.

“ಭಲೆ. ಮೂರೂ ಜನ ಇರಲಿಲ್ಲ. ಹಾಗಾದ್ರೆ ಕೈಯೊಂದೇ ನಡ್ಕೊಂಡು ಬಂದು ಕೊಟ್ಟು ಹೋಯ್ತು ಅನ್ನಿ.” ಸೂಜಿ ಅಳಿಯನ ಕಡೆ ತಿರುಗಿದಳು. “ಗಾಜು ಉಜ್ಜೋರು ನೀವು. ಕಣ್ಣಿಗೆ ಕಾಣದ ಗೀರನ್ನ ಬೆರಳಲ್ಲಿ ಹುಡುಕ್ತೀರಂತೆ. ಮಲಗಿ.”

“ಏನು ಮೇಡಂ?”

“ಅವತ್ತು ಹೇಗೆ ಮಲಗಿದ್ರೋ ಹಾಗೆ. ಮುಖ ಒಳಗೆ, ಕೈ ಹಿಂದಕ್ಕೆ. ಇವರು ಮೂರೂ ಜನ ಒಬ್ಬೊಬ್ಬರಾಗಿ ಈ ಬ್ಯಾಟರಿ ನಿಮ್ಮ ಕೈಗೆ ಇಡ್ತಾರೆ. ಯಾರೂ ಮಾತಾಡೋ ಹಾಗಿಲ್ಲ. ಅವತ್ತಿನ ಕೈ ಯಾವುದು ಅಂತ ನೀವು ಹೇಳಿ.”

“ಇದೇನು ಮಕ್ಕಳ ಕಣ್ಣಾಮುಚ್ಚಾಲೇನಾ?” ಎಂದು ಭಾವ ರೇಗಿದ.

“ಮಕ್ಕಳಾಟಕ್ಕೆ ಯಾಕೆ ಸಾರ್ ಅಷ್ಟು ಬೆವರ್ತಿದ್ದೀರಿ? ನೀವೂ ಆಡಿ.”

ಅಳಿಯ ಬೋರಲಾಗಿ ಒಳಗೆ ತೂರಿದ. ಒಳಗೆ ಆಸಿಡ್ಡಿನ ಹುಳಿ ವಾಸನೆ, ಹೊಸ ಬ್ಯಾಟರಿಗಳ ಬಿಸುಪು. ಮೂಗಿಗೆ ಧೂಳು ಹತ್ತಿತು. ಕೈಯನ್ನು ಹಿಂದಕ್ಕೆ ಚಾಚಿ, ಅಂಗೈ ಬಿಡಿಸಿಕೊಂಡು ಕಾದ.

ಹೆಜ್ಜೆ ಬಂತು. ಬ್ಯಾಟರಿಯನ್ನು ಅಂಗೈಗೆ ಠಸ್ಸೆ ಒತ್ತಿದ ಹಾಗೆ ಒತ್ತಿದ ಕೈ, ಒತ್ತಿದ ರಭಸಕ್ಕೇ ಹಿಂದಕ್ಕೆ ಹೋಯಿತು. ಹೆಬ್ಬೆರಳಲ್ಲಿ ಸ್ಟೀರಿಂಗ್ ಹಿಡಿದು ಹಿಡಿದು ಗಟ್ಟಿಯಾದ ಚರ್ಮ. ಇದಲ್ಲ.

ಬ್ಯಾಟರಿಯನ್ನು ಯಾರೋ ವಾಪಸ್ ತೆಗೆದುಕೊಂಡರು. ಮತ್ತೆ ಹೆಜ್ಜೆ. ಈ ಸಲ ತಣ್ಣನೆಯ ಬೆರಳುಗಳು ಮೊದಲು ಅವನ ಮಣಿಕಟ್ಟನ್ನು ಹಿಡಿದವು, ನಾಡಿ ನೋಡುವ ಹಾಗೆ, ಆಮೇಲೆ ಬ್ಯಾಟರಿ ಇಟ್ಟವು. ಕೈ ತೊಳೆಯುವ ದ್ರವದ ಘಾಟು. ಇದೂ ಅಲ್ಲ.

ಮೂರನೆಯ ಹೆಜ್ಜೆ ಬರಲು ತಡವಾಯಿತು.

ಬ್ಯಾಟರಿ ಅಂಗೈಯ ನಡುವೆ ಸದ್ದಿಲ್ಲದೆ ಕೂತಿತು. ಕೊಟ್ಟ ಕೈ ಹೋಗಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಬ್ಯಾಟರಿಯ ಮೇಲೆ ಮಡಚಿ, ಮುಷ್ಟಿ ಮಾಡಿ, ಮುಷ್ಟಿಯನ್ನು ಮೆಲ್ಲಗೆ ಒಮ್ಮೆ ಅದುಮಿ ಹೋಯಿತು.

ದಿನಾ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವಾಗ ಹೆಂಡತಿ ಬೀಗದ ಕೈ ಕೊಡುವುದು ಹೀಗೆಯೇ. ನೀವು ಎಲ್ಲಾದರೂ ಬೀಳಿಸಿಕೊಳ್ಳುತ್ತೀರಿ ಎಂದು ಅವನ ಬೆರಳನ್ನು ತಾನೇ ಮಡಚಿ ಕಳಿಸುವುದು.

ಶನಿವಾರವೂ ಹೀಗೆಯೇ ಮಡಚಿತ್ತು ಆ ಕೈ.

ಅವಳಿಗೆ ಬೇಕಿದ್ದರೆ ಈಗ ಬೇರೆ ರೀತಿ ಕೊಡಬಹುದಿತ್ತು. ಬಿಸಾಕಿ ಹೋಗಬಹುದಿತ್ತು. ಕೊಡಲಿಲ್ಲ. ಮರೆತು ಮಡಚಿದಳೋ, ಬೇಕೆಂದೇ ಮಡಚಿದಳೋ? ಕತ್ತಲಲ್ಲಿ ಮುಖವಿಟ್ಟುಕೊಂಡು ಅವನು ಅಲ್ಲಾಡದೆ ಮಲಗಿದ್ದ.

“ಎದ್ದು ಬನ್ನಿ,” ಎಂದಳು ಸೂಜಿ. “ಯಾವ ಕೈ? ಮೊದಲನೇದಾ, ಎರಡನೇದಾ, ಮೂರನೇದಾ?”

ಅವನು ಹೊರಗೆ ಬಂದು ಕೂತ. ಕೂದಲಿಗೆ ಜೇಡರಬಲೆ ಅಂಟಿತ್ತು. ಹೆಂಡತಿ ಎದುರಿಗೇ ನಿಂತಿದ್ದಳು. ಇವಳು ಸ್ವಂತ ತಾಯಿಯ ಉಸಿರಿಗೆ ಕೈ ಹಾಕುವವಳಲ್ಲ. ಆದರೆ ಹಾಗೆಂದು ಪೊಲೀಸರಿಗೆ ಹೇಗೆ ತೋರಿಸುವುದು?

“ಯಾವುದೂ ಅಲ್ಲ ಮೇಡಂ.”

“ಯಾವುದೂ ಅಲ್ವಾ?”

“ಗೊತ್ತಾಗ್ಲಿಲ್ಲ. ಬಹುಶಃ... ಬಹುಶಃ ನಾನೇ ಯಂತ್ರದಿಂದ ತೆಗೆದಿರ್ಬೇಕು. ಮರೆತಿರ್ಬೇಕು. ಸ್ವಿಚ್ಚು ಮರೆತ ಹಾಗೆ.” ಒಮ್ಮೆ ಶುರು ಮಾಡಿದ ಮೇಲೆ ಸುಳ್ಳು ಅಷ್ಟೇನೂ ಕಷ್ಟವಾಗಲಿಲ್ಲ. “ನಾನೇ ಬರ್ತೀನಿ ನಿಮ್ಮ ಜೊತೆ. ನಡೀರಿ.”

“ಅಂತೂ ಒಪ್ಕೊಂಡ!” ಎಂದ ಭಾವ. “ಬರೆಸ್ಕೊಳ್ಳಿ ಮೇಡಂ.”

“ಸುಳ್ಳು.”

ಹೇಳಿದವಳು ಹೆಂಡತಿ.

“ಇವರು ಸುಳ್ಳು ಹೇಳ್ತಿದ್ದಾರೆ. ಸುಳ್ಳು ಹೇಳೋಕೂ ಸರಿಯಾಗಿ ಬರಲ್ಲ ಇವರಿಗೆ, ನೋಡಿ, ಕಿವಿ ಹೇಗೆ ಕೆಂಪಗಾಗಿದೆ.” ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ. “ನಾನು ಅಂಗಡಿಗೆ ಹೋಗಿರಲಿಲ್ಲ. ಆ ಕೈ ನಂದು. ಇಷ್ಟು ದಿನದಿಂದ ಮುಖ ತಿರುಗಿಸ್ಕೊಂಡು ಓಡಾಡ್ತಿದ್ದೀನಲ್ಲ, ಇವರ ಮೇಲಿನ ಸಿಟ್ಟಿಗಲ್ಲ. ಮುಖ ನೋಡಿದ್ರೆ ಎಲ್ಲಿ ಹೇಳಿಬಿಡ್ತೀನೋ ಅಂತ.”

“ಬ್ಯಾಟರಿ ತೆಗೆದಿದ್ದು ನೀವಾ?”

“ಇಲ್ಲ. ನನಗೆ ಕೊಟ್ಟಿದ್ದು ಅಮ್ಮ.”

ನರ್ಸಿನ ಕೈ ತಾನಾಗಿ ಬಾಯಿಗೆ ಹೋಯಿತು.

“ಇವರು ಇಲ್ಲಿಂದ ಬ್ಯಾಟರಿ ಬೇಕು ಅಂತ ಕೂಗಿದ್ದು ಅಮ್ಮನಿಗೂ ಕೇಳಿಸ್ತು. ನಾನು ಅಮ್ಮನ ಹತ್ರ ಕೂತಿದ್ದೆ. ಅವರು ದಿಂಬಿನ ಕೆಳಗೆ ಕೈ ಹಾಕಿ ಇದನ್ನ ತೆಗೆದ್ರು.”

“ದಿಂಬಿನ ಕೆಳಗೆ,” ಎಂದಳು ಸೂಜಿ. “ಸಿಸ್ಟರ್, ಅವರೇ ಎದ್ದು ಹೋಗಿ ಯಂತ್ರದ ಹಿಂದಿನ ಸ್ಕ್ರೂ ಬಿಚ್ಚೋಕೆ ಆಗುತ್ತಾ?”

“ಎಲ್ಲಿಂದ ಬಂತು ಮೇಡಂ! ಲೋಟ ಎತ್ತಿದ್ರೆ ಕೈ ನಡುಗುತ್ತೆ ಅವರಿಗೆ.”

“ಕೊಡೋವಾಗ ಅಮ್ಮ ಏನಂದ್ರು? ನಿಮ್ಮ ಮಾತು ಬೇಡ, ಅವರ ಮಾತು ಹೇಳಿ.”

ಹೆಂಡತಿ ಕಣ್ಣು ಮುಚ್ಚಿಕೊಂಡಳು. “‘ತಗೋ, ಇದನ್ನೇ ಕೊಡು ಅವನಿಗೆ. ನಾಳೆ ಕರೆಂಟು ಹೋದಾಗ ಆ ಯಂತ್ರ ಕೂಗಬಾರದು.’”

ಭಾನುವಾರ ಮಧ್ಯಾಹ್ನ ಲೈನ್ ರಿಪೇರಿಗೆ ಕರೆಂಟು ತೆಗೆಯುತ್ತೇವೆ ಎಂದು ವಿದ್ಯುತ್ ಕಚೇರಿಯವರು ಮೊದಲೇ ಸಾರಿದ್ದರು. ಅದಕ್ಕೇ ಶನಿವಾರ ಬ್ಯಾಟರಿ ಬದಲಾಯಿಸಿದ್ದು. ಬೀದಿಗೆಲ್ಲ ಗೊತ್ತಿದ್ದ ವಿಷಯ. ಅತ್ತೆಗೂ ಗೊತ್ತಿತ್ತು, ಅದರಲ್ಲಿ ಏನೂ ವಿಶೇಷವಿರಲಿಲ್ಲ. ಆದರೂ ಆ ಮಾತು ಅಳಿಯನ ತಲೆಯೊಳಗೆ ಸರಿಯಾಗಿ ಕೂರಲಿಲ್ಲ, ಚೌಕಟ್ಟಿಗೆ ಒಂಚೂರು ದೊಡ್ಡದಾದ ಗಾಜಿನ ಹಾಗೆ.

“ಸಿಸ್ಟರ್,” ಎಂದ, “ಯಂತ್ರ ಯಾವಾಗ ಕೂಗುತ್ತೆ ಅಂತ ಅತ್ತೆಗೆ ಸರಿಯಾಗಿ ಗೊತ್ತಿತ್ತಾ?”

“ಗೊತ್ತಿತ್ತಾ ಅಂದ್ರೆ? ನನಗೆ ಹೇಳಿಕೊಟ್ಟಿದ್ದೇ ಅವರು. ‘ಬೀದೀಲಿ ಕರೆಂಟು ಹೋದ್ರೆ ಹೆದರ್ಬೇಡ, ಇನ್ವರ್ಟರ್ ಇರೋ ತನಕ ಇದು ಬಾಯಿ ಬಿಡಲ್ಲ. ಇದು ಕೂಗ್ತು ಅಂದ್ರೆ ಇನ್ವರ್ಟರೂ ಕೈಬಿಡ್ತು ಅಂತ, ಆಗ ಓಡಿ ಬಾ’ ಅಂತಿದ್ರು.”

ಅಳಿಯ ಗೋಡೆ ಹಿಡಿದು ಎದ್ದು ನಿಂತ.

“ನಾನು ಹೊಸ ಬ್ಯಾಟರಿ ಹಾಕ್ತಿದ್ದೀನಿ ಅಂತ ಅವರಿಗೆ ಗೊತ್ತು ಮೇಡಂ. ಹಾಕಿದ್ರೆ ಯಂತ್ರ ನಿಲ್ಲಲ್ಲ. ನಿಲ್ಲದಿದ್ರೆ ಕೂಗೋ ಪ್ರಶ್ನೆಯೇ ಇಲ್ಲ. ಕೂಗಬಾರದು ಅಂತ ಅಂದ್ಕೊಳ್ಳೋಕೆ...” ಅವನು ಗೂಡಿನ ಕಡೆ ಬೆರಳು ತೋರಿಸಿದ. “ನಾನಿನ್ನೂ ಕೊನೇ ನಟ್ಟು ಬಿಗಿದಿರಲಿಲ್ಲ. ಸ್ವಿಚ್ಚು ಮುಟ್ಟೋ ಹೊತ್ತೇ ಬಂದಿರಲಿಲ್ಲ. ಅಷ್ಟರಲ್ಲೇ ಅತ್ತೆಗೆ ಗೊತ್ತಿತ್ತು, ನಾಳೆ ಇನ್ವರ್ಟರ್ ಕೈಬಿಡುತ್ತೆ ಅಂತ.”



“ಅಂದ್ರೆ ಯಾರೋ ಅವರಿಗೆ ಮೊದಲೇ ಹೇಳಿದ್ದಾರೆ,” ಎಂದಳು ಸೂಜಿ. ಹೆಂಡತಿಯ ಹತ್ತಿರ ಬಂದು ನಿಂತಳು. “ಇಷ್ಟು ದಿನ ಬಾಯಿ ಬಿಡದೆ ಯಾಕಿದ್ರಿ? ಅಮ್ಮ ಇನ್ನೂ ಏನಾದ್ರೂ ಹೇಳಿದ್ರಾ?”

ಹೆಂಡತಿ ಬಾಯಿ ತೆರೆದಳು.

“ಸಾಕು, ಇನ್ನೊಂದಕ್ಷರ ಆಡ್ಬೇಡ.” ಭಾವನ ದನಿ ಈಗ ಗುಡುಗಾಗಿರಲಿಲ್ಲ. ಇಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಕ್ಕಿಲ್ಲ. “ಅಮ್ಮನ ತಲೆ ಮುಟ್ಟಿ ಆಣೆ ಮಾಡಿದ್ದೀಯ. ನೆನಪಿಟ್ಕೋ.”

ಹೆಂಡತಿ ನಿಧಾನವಾಗಿ ಅಣ್ಣನ ಕಡೆ ತಿರುಗಿದಳು. ಒಂದು ಹೆಜ್ಜೆ ಹಿಂದೆ ಸರಿದು, ನೋಡದೆಯೇ ಗಂಡನ ಕೈ ಹುಡುಕಿ ಹಿಡಿದುಕೊಂಡಳು.

“ಅಣ್ಣ, ಶನಿವಾರ ಆಣೆ ಮಾಡೋವಾಗ ಕೋಣೆ ಬಾಗಿಲು ಹಾಕಿತ್ತು. ಒಳಗಿದ್ದಿದ್ದು ನಾನು, ಅಮ್ಮ, ಇಬ್ಬರೇ,” ಎಂದಳು. “ನೀನು ಎಲ್ಲಿದ್ದೆ?”